ಮುಪ್ಪನ್ನು ಬಚ್ಚಿಡದ ರಾಕಿ

‘ರಾಕಿ ಬಾಲ್ಬೋವಾ’ ಬಿಡುಗಡೆಯಾದದ್ದು 2006ರಲ್ಲಿ, ಮೊದಲ ‘ರಾಕಿ’ ಬಂದು 30 ವರ್ಷಗಳ ಮೇಲೆ. ಆಗ ಬಾಕ್ಸರ್ ರಾಕಿಯ ಪಾತ್ರ ಮಾಡಿದ ಸಿಲ್ವೆಸ್ಟರ್ ಸ್ಟಲೋನ್‌ಗೆ 60. ಮುದಿ ಬಾಕ್ಸರ್‌ನ ಕಥೆ ಸಾಮಾನ್ಯವಾಗಿ ಎಡವುವುದು ವಯಸ್ಸನ್ನು ಮರೆಮಾಚಲು ಹೋದಾಗ. ಇಲ್ಲಿ ತರಬೇತುದಾರ ಡ್ಯೂಕ್ ಮೊದಲೇ ಲೆಕ್ಕ ಒಪ್ಪಿಸಿಬಿಡುತ್ತಾನೆ: ವೇಗ ಹೋಗಿದೆ, ಮೊಣಕಾಲು ಓಡಲು ಬಿಡುವುದಿಲ್ಲ, ಕುತ್ತಿಗೆಗೆ ಸಂಧಿವಾತ, ಕೀಲುಗಳಲ್ಲಿ ಕ್ಯಾಲ್ಸಿಯಂ ಕಟ್ಟಿದೆ, ಹಾಗಾಗಿ ಸ್ಪಾರಿಂಗ್ (ಜೊತೆಗಾರನೊಡನೆ ಅಭ್ಯಾಸದ ಗುದ್ದಾಟ) ಕೂಡ ಬೇಡ. ಉಳಿದದ್ದು ಹೊಡೆತದ ಭಾರವೊಂದೇ. ತರಬೇತಿ ತೂಕ ಎತ್ತುವುದರತ್ತ ತಿರುಗುವುದು ಈ ಕಾರಣಕ್ಕೇ. ಇಡೀ ಚಿತ್ರದ ಜೀವ ಈ ಕೆಲವು ಮಾತುಗಳಲ್ಲಿದೆ.

ಆದರೂ ಹಾಲಿ ಚಾಂಪಿಯನ್ ಎದುರು ಹತ್ತು ಸುತ್ತು ನಿಲ್ಲಬೇಕಲ್ಲ? ಅದಕ್ಕೆ ಎರಡನೇ ಸುತ್ತಿನಲ್ಲೇ ಆ ಚಾಂಪಿಯನ್ ಮೇಸನ್ ಡಿಕ್ಸನ್‌ನ ಎಡಗೈ ಮುರಿಯುತ್ತದೆ. ಅನುಕೂಲಕ್ಕೆ ಹೆಣೆದದ್ದೇ, ಆದರೆ ಬಾಕ್ಸಿಂಗ್‌ನಲ್ಲಿ ಕೈಮೂಳೆ ಮುರಿಯುವುದು ಅಪರೂಪವೇನಲ್ಲ. ಡಿಕ್ಸನ್ ಆಗಿರುವ ಆಂಟೋನಿಯೊ ಟಾರ್ವರ್ ನಿಜ ಜೀವನದಲ್ಲೂ ಲೈಟ್ ಹೆವಿವೇಟ್ ಎಂಬ ತೂಕದ ವರ್ಗದಲ್ಲಿ ಚಾಂಪಿಯನ್ ಆಗಿದ್ದವರು. ಪಂದ್ಯದ ಆರಂಭವನ್ನು ಟೀವಿ ನೇರಪ್ರಸಾರದಂತೆಯೇ ತೋರಿಸಿರುವುದರಿಂದ ಸಿನಿಮಾದ ಗುದ್ದಾಟ ಅನ್ನಿಸುವುದಿಲ್ಲ. ಕೊನೆಗೆ ರಾಕಿ ಸೋಲುತ್ತಾನೆ, ಅದೂ ಮೂವರು ತೀರ್ಪುಗಾರರಲ್ಲಿ ಇಬ್ಬರು ಡಿಕ್ಸನ್ ಪರ, ಒಬ್ಬರು ರಾಕಿಯ ಪರ ನಿಂತ ಒಡಕು ತೀರ್ಪಿನಲ್ಲಿ. ಗೆಲ್ಲಿಸಿದ್ದರೆ ಡ್ಯೂಕ್‌ನ ಲೆಕ್ಕವೇ ಸುಳ್ಳಾಗುತ್ತಿತ್ತು.