ಹುಲ್ಲಿಗೆ ನೀರು ಹಾಕುವ ಮೊದಲು ಮಣ್ಣು ನೋಡಬೇಕು

ಬೆಂಗಳೂರಿನಲ್ಲಿ ಮನೆಗಳ ತೋಟ ನೋಡಿಕೊಳ್ಳುವುದು ನನ್ನ ಕೆಲಸ. ಶುರುವಿನ ದಿನಗಳಲ್ಲಿ ಒಂದು ಮನೆಯ ಲಾನ್ ನನಗೆ ಕಲಿಸಿದ್ದನ್ನು ಇವತ್ತಿಗೂ ಮರೆತಿಲ್ಲ.

ಸುಮಾರು 500 ಚದರ ಅಡಿ ಜಾಗ, ಪೂರ್ತಿ ಗರಿಕೆ. ದಿನಾ ಸಂಜೆ ಹದಿನೈದು ನಿಮಿಷ ಪೈಪಿನಲ್ಲಿ ನೀರು ಬಿಡುತ್ತಿದ್ದೆ. ಆದರೂ ಏಪ್ರಿಲ್‌ನಲ್ಲಿ ಹುಲ್ಲು ಹಳದಿಗೆ ತಿರುಗಿತು. ನೀರು ಸಾಲುತ್ತಿಲ್ಲ ಅಂದುಕೊಂಡು ಇನ್ನೂ ಜಾಸ್ತಿ ಬಿಟ್ಟೆ. ವಾರದೊಳಗೆ ಅಲ್ಲಲ್ಲಿ ತಟ್ಟೆಯಗಲದ ಕಂದು ಕಲೆಗಳು ಎದ್ದವು. ಆ ಮನೆಯ ಅಮ್ಮ ದಿನಾ ಬಂದು ನಿಂತು ನೋಡುತ್ತಿದ್ದರು. ಬೈಯಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು.

ನಮ್ಮ ಹಿರಿಯ ಮಾಲಿಯೊಬ್ಬರನ್ನು ಕರೆದುಕೊಂಡು ಹೋದೆ. ಅವರು ಹುಲ್ಲಿನ ಮೇಲೆ ಕಣ್ಣೂ ಹಾಯಿಸಲಿಲ್ಲ. ಕುಕ್ಕರಗಾಲಲ್ಲಿ ಕೂತು, ಕುರ್ಪಿಯಿಂದ ಅಂಗೈಯಷ್ಟು ತುಂಡು ಕತ್ತರಿಸಿ ಎತ್ತಿದರು. ಮೇಲಿನ ಒಂದು ಇಂಚು ಮಣ್ಣು ಕೆಸರಿನಂತೆ ಒದ್ದೆ. ಅದರ ಕೆಳಗೆ ಕೆಮ್ಮಣ್ಣು ಇಟ್ಟಿಗೆಯಷ್ಟು ಗಟ್ಟಿ, ಪೂರ್ತಿ ಒಣಗಿತ್ತು. ಬೇರುಗಳೆಲ್ಲ ಆ ಒಂದು ಇಂಚಿನಲ್ಲೇ ಹೆಣೆದುಕೊಂಡಿದ್ದವು.

"ನೀನು ಮೇಲ್ಮೇಲೆ ಕುಡಿಸ್ತಿದ್ದೀಯಪ್ಪಾ. ಬೇರು ಯಾಕೆ ಕೆಳಗೆ ಹೋಗ್ಬೇಕು ಹೇಳು?" ಅಂದರು.

ಮೇಲೇ ಇರುವ ಬೇರು ಮಧ್ಯಾಹ್ನದ ಬಿಸಿಲಿಗೆ ಬೆಂದುಹೋಗುತ್ತದೆ. ಸಂಜೆ ಹಾಕಿದ ನೀರು ರಾತ್ರಿಯಿಡೀ ಎಲೆ ಮೇಲೇ ಉಳಿದು ಬೂಷ್ಟು ರೋಗಕ್ಕೆ ದಾರಿಯಾಗುತ್ತದೆ. ಎರಡೂ ತಪ್ಪು ನನ್ನದೇ.

ಮರುದಿನ ಬಕೆಟ್ ಇಟ್ಟು ಅಳೆದೆ. ಪೈಪಿನಲ್ಲಿ ನಿಮಿಷಕ್ಕೆ 15 ಲೀಟರ್ ಬರುತ್ತಿತ್ತು. ಅಂದರೆ ವಾರಕ್ಕೆ 1,500 ಲೀಟರಿಗೂ ಮೇಲೆ ಸುರಿದು ಹುಲ್ಲನ್ನು ಬಾಯಾರಿಸಿದ್ದೆ! ದಿನಾ ನೀರು ಬಿಡುವುದನ್ನು ನಿಲ್ಲಿಸಿದೆ. ವಾರಕ್ಕೆ ಎರಡೇ ಸಲ, ಬೆಳಗ್ಗೆ ಬಿಸಿಲೇರುವ ಮೊದಲು, ಸ್ಪ್ರಿಂಕ್ಲರ್‌ನಲ್ಲಿ. ಹುಲ್ಲಿನ ಮೇಲೆ ಅಲ್ಲಲ್ಲಿ ಮೇಲೂ ಕೆಳಗೂ ಒಂದೇ ಅಗಲದ ಡಬ್ಬಿಗಳನ್ನು ಇಟ್ಟು, ಅದರಲ್ಲಿ 12 ಮಿಲಿಮೀಟರ್ ನೀರು ನಿಲ್ಲುವವರೆಗೆ ಬಿಡುತ್ತಿದ್ದೆ. ಒಂದು ಮಿಲಿಮೀಟರ್ ಅಂದರೆ ಚದರ ಮೀಟರಿಗೆ ಒಂದು ಲೀಟರ್. ಲೆಕ್ಕ ಹಾಕಿದರೆ ವಾರಕ್ಕೆ ಸುಮಾರು 1,100 ಲೀಟರ್ ಸಾಕಾಯಿತು. ಗಟ್ಟಿ ಮಣ್ಣಾದ್ದರಿಂದ ಮೊದಮೊದಲು ನೀರು ಇಳಿಯದೆ ಹರಿದುಹೋಗುತ್ತಿತ್ತು. ಅದಕ್ಕೆ ಫೋರ್ಕ್ ಚುಚ್ಚಿ ತೂತು ಮಾಡಿದೆ, ಅರ್ಧ ಬಿಟ್ಟು, ಅರ್ಧ ಗಂಟೆ ಕಾದು, ಉಳಿದರ್ಧ ಬಿಟ್ಟೆ.

ಈಗ ಯಾವ ಮನೆಗೆ ಹೋದರೂ ಮೊದಲು ಉದ್ದದ ಸ್ಕ್ರೂಡ್ರೈವರ್ ಚುಚ್ಚಿ ನೋಡುತ್ತೇನೆ. ನಾಲ್ಕೈದು ಇಂಚು ಸಲೀಸಾಗಿ ಇಳಿದರೆ ಮಣ್ಣಿನಲ್ಲಿ ಹದ ಇದೆ, ಅವತ್ತು ನೀರು ಬೇಡ. ಹುಲ್ಲೇ ಹೇಳುವುದೂ ಉಂಟು. ಬಾಯಾರಿದರೆ ಎಲೆ ಮಡಚಿಕೊಂಡು ಬಣ್ಣ ಬೂದಿಗೆ ತಿರುಗುತ್ತದೆ, ನಡೆದ ಹೆಜ್ಜೆ ಎದ್ದೇಳದೆ ಹಾಗೇ ಉಳಿಯುತ್ತದೆ.

ಕತ್ತರಿಸುವುದರಲ್ಲೂ ಇದೇ ವಿಷಯ. ಕಾರ್ಪೆಟ್ ಥರ ಕಾಣಲಿ ಅಂತ ಬೋಳಿಸಿದರೆ ಬೇರೂ ಗಿಡ್ಡವಾಗುತ್ತದೆ. ಗರಿಕೆಯನ್ನು ಒಂದೂವರೆ ಇಂಚಿಗೆ ಬಿಡುತ್ತೇನೆ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯುವುದಿಲ್ಲ.

2024ರ ಮಾರ್ಚ್‌ನಲ್ಲಿ ಊರಿಗೇ ನೀರಿಲ್ಲದಾಗ ಜಲಮಂಡಳಿ ತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಸರಿಯಾದ ಆದೇಶ ಅದು. ಜನಕ್ಕೇ ಕುಡಿಯಲು ಇಲ್ಲದಿರುವಾಗ ಹುಲ್ಲಿಗೆ ಕಾವೇರಿ ನೀರು ಹಾಕಲು ನನಗಂತೂ ಮನಸ್ಸು ಬರುವುದಿಲ್ಲ. ಆ ಲಾನ್‌ಗೆ ನೀರು ನಿಲ್ಲಿಸಿದೆವು. ಒಣಗಿ ಕಂದಾಯಿತು. ಅಮ್ಮ ಹೆದರಿದರು. "ಅಮ್ಮಾ, ಇದು ಗರಿಕೆ. ಬೇರು ಕೆಳಗಿದೆ, ಮಲಗಿದೆ ಅಷ್ಟೇ, ತುಳಿಯದೆ ಬಿಡಿ" ಅಂದೆ.

ಮೇನಲ್ಲಿ ಮಳೆ ಬಿತ್ತು. ಎರಡು ವಾರದಲ್ಲಿ ಬುಡದಿಂದ ಹಸಿರು ಒಡೆಯಿತು. ಮಾವಿನ ಮರದ ನೆರಳಲ್ಲಿದ್ದ ಒಂದು ತುಂಡು ಮಾತ್ರ ಬರಲಿಲ್ಲ. ಗರಿಕೆಗೆ ಬಿಸಿಲು ಬೇಕೇ ಬೇಕು. ಅಲ್ಲಿ ಹುಲ್ಲು ಬೇಡ ಅಂತ ಅಮ್ಮನೇ ಹೇಳಿ, ಎರಡು ಕಲ್ಲುಬೆಂಚು ಹಾಕಿಸಿದರು.