ಲಾನ್ ಹಾಸುವ ಮೊದಲು ಜೇಕು ತೆಗೆಯಿರಿ

ಗೃಹಪ್ರವೇಶದ ಗಡಿಬಿಡಿಯಲ್ಲಿ ಮೇ ತಿಂಗಳಲ್ಲಿ ಲಾನ್ ಹಾಸಿದರೆ ಜೂನ್ ಮಳೆಗೆ ಅರ್ಧ ಮಣ್ಣು ಗಟಾರ ಸೇರುತ್ತದೆ, ಉಳಿದರ್ಧದಲ್ಲಿ ಜೇಕು ಎಂಬ ಗಡ್ಡೆಯ ಕಳೆ ಏಳುತ್ತದೆ. ನಮ್ಮ ಕರಾವಳಿ ಕಡೆಗೆ ಸರಿಯಾದ ಕಾಲವೆಂದರೆ ಚೌತಿ ಮುಗಿದು ಮಳೆ ಇಳಿಮುಖವಾದಾಗ. ಆಗ ನೆಲ ಅಗೆದು ಬಿಟ್ಟರೆ ಸಾಕು, ಬಿಟ್ಟುಬಿಟ್ಟು ಬರುವ ಮಳೆಯೇ ಕಳೆಬೀಜಗಳನ್ನು ಮೊಳೆಸಿಕೊಡುತ್ತದೆ. ಎರಡು ವಾರಕ್ಕೆ ಹಸಿರಾದದ್ದನ್ನು ಮೇಲ್ಮೇಲೆ ಕೆರೆದು ತೆಗೆಯಿರಿ. ಮತ್ತೆರಡು ವಾರ ಬಿಟ್ಟು ಇನ್ನೊಮ್ಮೆ. ಆಳವಾಗಿ ಅಗೆಯಬೇಡಿ, ಕೆಳಗಿನ ಬೀಜ ಮೇಲೆ ಬರುತ್ತದೆ.

ಜೇಕಿಗೆ ಮಾತ್ರ ಈ ಉಪಾಯ ಸಾಲದು. ದಂಟನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಅಂಚು ಸಿಗುತ್ತದೆ. ಹುಲ್ಲಿನ ದಂಟಿಗೆ ಹಾಗೆ ಸಿಗುವುದಿಲ್ಲ. ಕೈಯಲ್ಲಿ ಎಳೆದರೆ ದಂಟು ಬರುತ್ತದೆ, ದಾರದಂಥ ಬೇರು ಹರಿದು ಗಡ್ಡೆ ಒಳಗೇ ಉಳಿಯುತ್ತದೆ. ಆ ದಾರ ಹಿಡಿದು ಹೋದರೆ ಇನ್ನೊಂದು ಗಡ್ಡೆ, ಅದರಾಚೆ ಮತ್ತೊಂದು. ಕಿರುಪಿಕಾಸಿಯಲ್ಲಿ ಅರ್ಧ ಅಡಿ ಅಗೆದು ಗಡ್ಡೆಸಮೇತ ಆರಿಸಬೇಕು. ಉಳಿದದ್ದು ಚಿಗುರಿ ನಾಲ್ಕೈದು ಎಲೆ ಬಿಡುವಷ್ಟರಲ್ಲಿ ಮತ್ತೆ ಕಿತ್ತರೆ ಹೊಸ ಗಡ್ಡೆ ಕಟ್ಟಲು ಅದಕ್ಕೆ ಬಲವಿರುವುದಿಲ್ಲ. ಕಿತ್ತದ್ದನ್ನು ಗೊಬ್ಬರಗುಂಡಿಗೆ ಹಾಕಬೇಡಿ.

ಮಣ್ಣಿನ ವಿಷಯ. ಚಿರೆಕಲ್ಲಿನ (ಜಂಬಿಟ್ಟಿಗೆಯ) ನೆಲದ ಮೇಲೆ ಮಣ್ಣನ್ನು ಸುಮ್ಮನೆ ಸುರಿದರೆ ಮಳೆನೀರು ನಡುವೆ ನಿಂತು ಬೇರು ಕೊಳೆಯುತ್ತದೆ. ಮೊದಲು ನೆಲ ಸಡಿಲಿಸಿ, ಹೊಸ ಮಣ್ಣನ್ನು ಅದರೊಂದಿಗೆ ಬೆರೆಸಿ. 10 ಅಡಿ ಅಗಲ, 20 ಅಡಿ ಉದ್ದದ ಜಾಗಕ್ಕೆ ನಾಲ್ಕು ಇಂಚು ಮಣ್ಣೆಂದರೆ ಮುಕ್ಕಾಲು ಬ್ರಾಸಿಗೆ (ಒಂದು ಬ್ರಾಸ್ ಅಂದರೆ ನೂರು ಘನ ಅಡಿ) ಸ್ವಲ್ಪ ಕಡಿಮೆ, 50 ಕೆಜಿಯ ಐದಾರು ಚೀಲ ಕಳಿತ ಗೊಬ್ಬರ. ಹಸಿ ಸಗಣಿ ಬೇಡ, ದನ ತಿಂದ ಕಳೆಬೀಜವೆಲ್ಲ ಅದರಲ್ಲಿರುತ್ತದೆ. ನಮ್ಮ ಮಣ್ಣು ಹುಳಿ, ಹಾಗಾಗಿ ಮೂರು ಕೆಜಿ ಕೃಷಿ ಸುಣ್ಣವನ್ನು ಗೊಬ್ಬರಕ್ಕಿಂತ ಎರಡು ವಾರ ಮೊದಲೇ ಸೇರಿಸಿ. ಇಳಿಜಾರು ಹತ್ತು ಅಡಿಗೆ ಎರಡು ಇಂಚು, ಮನೆಯಿಂದ ಹೊರಕ್ಕೆ.

ತೆಂಗಿನ ನೆರಳಿದ್ದಲ್ಲಿ ಅಗಲ ಎಲೆಯ ಕಾರ್ಪೆಟ್ ಗ್ರಾಸ್ ಸರಿ. ಗರಿಕೆ ಜಾತಿಗೆ ಇಡೀ ದಿನ ಬಿಸಿಲು ಬೇಕು. ಕಾರವಾರದ ಕಡಲಂಚಿನಲ್ಲಿ ಬೇಸಿಗೆಗೆ ಬಾವಿನೀರು ಉಪ್ಪಾಗುವ ಮನೆಯವರು ಉಪ್ಪು ತಡೆಯುವ ಪಾಸ್ಪಾಲಮ್ ಹುಲ್ಲು ಕೇಳಿ. ಅಡಿಕೆ ಒಣಗಿಸುವ ಅಂಗಳಕ್ಕೆ ಮಾತ್ರ ಯಾವ ಹುಲ್ಲೂ ಬೇಡ!

ಬೇರುಮಣ್ಣಿನ ಸಮೇತ ಸಿಗುವ ಹುಲ್ಲಿನ ಹಾಸುಗಳನ್ನು ಇಟ್ಟಿಗೆ ಕಟ್ಟಿದಂತೆ ಸಂದು ತಪ್ಪಿಸಿ, ಒಂದಕ್ಕೊಂದು ತಾಗಿಸಿ ಇಡಿ. ಅರ್ಧ ಇಂಚು ಸಂದು ಬಿಟ್ಟರೂ ಕಳೆ ಬರುವುದು ಅಲ್ಲಿಯೇ. ರೋಲರ್ ಇಲ್ಲದಿದ್ದರೆ ಹಲಗೆ ಹಾಕಿ ತುಳಿದರಾಯಿತು. ಎರಡು ವಾರ ಬೆಳಿಗ್ಗೆ, ಸಂಜೆ ನೀರು. ಮೂಲೆ ಹಿಡಿದು ಮೆಲ್ಲಗೆ ಎತ್ತಿ ನೋಡಿ, ಮೇಲೆ ಬಾರದೆ ಹಿಡಿದುಕೊಂಡರೆ ಬೇರು ಇಳಿದಿದೆ. ಯೂರಿಯಾ ಅಷ್ಟರವರೆಗೆ ಮುಟ್ಟಬೇಡಿ. ಆಮೇಲೆ ಮೇಲೆ ಹೇಳಿದ 10 ಅಡಿ, 20 ಅಡಿಯ ಇಡೀ ಜಾಗಕ್ಕೆ 200 ಗ್ರಾಂ ಎರಚಿ ಕೂಡಲೇ ನೀರು ಕೊಡಿ, ಇಲ್ಲದಿದ್ದರೆ ಎಲೆ ಸುಡುತ್ತದೆ.

ಹುಲ್ಲನ್ನು ಎರಡು ಇಂಚಿಗಿಂತ ಕೆಳಗೆ ಕತ್ತರಿಸಬೇಡಿ. ಬುಡಕ್ಕೆ ಬಿಸಿಲು ಬಿದ್ದರೆ ಕಳೆಬೀಜ ಎಚ್ಚರಗೊಳ್ಳುತ್ತದೆ. ನಾಚಿಕೆಮುಳ್ಳನ್ನು ಮಳೆ ಬಂದ ಮರುದಿನ, ಮಣ್ಣು ಮೆತ್ತಗಿರುವಾಗ, ಹೂ ಬಿಡುವ ಮುಂಚೆ ತಾಯಿಬೇರಿನಿಂದ ಕೀಳಿ. ಒಂದೆಲಗ ಬಂದರೆ ಕಿತ್ತು ತಂಬುಳಿ ಮಾಡಿ. ಅದೊಂದು ಕಳೆಯ ಬಗ್ಗೆ ತಕರಾರಿಲ್ಲ. ಆದರೆ ಕಳೆನಾಶಕ ಹೊಡೆದ ಲಾನಿನದ್ದನ್ನು ತಿನ್ನಬೇಡಿ.