'ಸಿ.ಎಫ್.' ಎಂದರೆ ಬರೀ 'ನೋಡಿ' ಎಂದಲ್ಲ

ಇಂಗ್ಲಿಷ್ ಪ್ರಬಂಧಗಳ ಕರಡು ತಿದ್ದುವಾಗ ನನ್ನ ಪೆನ್ಸಿಲ್ ಮತ್ತೆ ಮತ್ತೆ ನಿಲ್ಲುವುದು 'ಸಿ.ಎಫ್.' ಎಂಬ ಎರಡಕ್ಷರಗಳ ಬಳಿ. ಅದು 'ಕಾನ್‌ಫರ್' ಎಂಬ ಲ್ಯಾಟಿನ್ ಆಜ್ಞಾರೂಪದ ಸಂಕ್ಷೇಪ; ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಹೋಲಿಸು ಎಂಬುದು ಅದರ ಅರ್ಥ. ಆದರೆ ಅದನ್ನು ಬರೀ 'ನೋಡಿ' ಎಂಬ ಅರ್ಥದಲ್ಲಿ ಬಳಸುವವರೇ ಹೆಚ್ಚಾಗಿ ಕಾಣಸಿಗುತ್ತಾರೆ.

ಈಚೆಗೆ ನನ್ನ ಬಳಿ ಬಂದ ಲೇಖನವೊಂದರಲ್ಲಿ ಮೂರು ಕಡೆ ಸಿ.ಎಫ್. ಇತ್ತು. ಮೊದಲನೆಯದರ ಮುಂದೆ ಎರಡು ಪ್ರಬಂಧಗಳ ಹೆಸರಿದ್ದುದರಿಂದ, ಅವು ಲೇಖಕರ ವಾದಕ್ಕಿಂತ ಭಿನ್ನವಾದುದನ್ನು ಹೇಳುತ್ತಿರಬೇಕೆಂದು ನಂಬಿ ಎರಡನ್ನೂ ಹುಡುಕಿ ತೆಗೆದು, ಇಡೀ ಸಂಜೆ ಕುಳಿತು ಓದಿದೆ. ಎರಡೂ ಅದೇ ವಾದವನ್ನು ಸಮರ್ಥಿಸುತ್ತಿದ್ದವು! 'ಸೀ' ಎಂಬ ಸರಳವಾದ ಇಂಗ್ಲಿಷ್ ಪದವನ್ನು ಬರೆದಿದ್ದರೆ ಓದುಗರಿಗೆ ಈ ಶ್ರಮ ತಪ್ಪುತ್ತಿತ್ತು. ಅಮೆರಿಕನ್ ಸೈಕಾಲಜಿಕಲ್ ಅಸೋಸಿಯೇಷನ್ ರೂಪಿಸಿದ ಎ.ಪಿ.ಎ. ಬರವಣಿಗೆ ಶೈಲಿಯ ಪ್ರಕಾರ ಸಿ.ಎಫ್. ಇರುವುದು ವ್ಯತಿರಿಕ್ತವಾದ ಮಾಹಿತಿಯನ್ನು ತೋರಿಸುವುದಕ್ಕೆ, ಅದೂ ಆವರಣ ಚಿಹ್ನೆಯ ಒಳಗೆ ಮಾತ್ರ. ಅಮೆರಿಕದ ಕಾನೂನು ಬರವಣಿಗೆಗೆ ಆಧಾರವಾದ ಬ್ಲೂಬುಕ್‌ನಲ್ಲಿ ಅದರ ಅರ್ಥ ಇನ್ನೂ ಸೂಕ್ಷ್ಮ: ಉಲ್ಲೇಖಿಸಿದ ತೀರ್ಪು ಬೇರೆಯದೇ ವಿಷಯವನ್ನು ಹೇಳಿದರೂ ಸಾದೃಶ್ಯದ ಬಲದಿಂದ ಪ್ರಸ್ತುತ ವಾದಕ್ಕೆ ಒತ್ತಾಸೆಯಾಗುತ್ತದೆ ಎಂದು ಅಲ್ಲಿ ತಿಳಿಯಬೇಕು.

'ಕ್ಯು.ವಿ.' ಎಂಬ ಇನ್ನೊಂದು ಲ್ಯಾಟಿನ್ ಸಂಕ್ಷೇಪ ಅಷ್ಟು ತೊಂದರೆ ಕೊಡುವುದಿಲ್ಲ. 'ಕ್ವೋಡ್ ವಿಡೆ', ಅಂದರೆ 'ಅದನ್ನು ನೋಡು'. ವಿಶ್ವಕೋಶಗಳಲ್ಲಿ ಪದದ ನಂತರ ಬಂದು, ಆ ಪದಕ್ಕೆ ಬೇರೆಯದೇ ನಮೂದು ಇದೆಯೆಂದು ತಿಳಿಸುತ್ತದೆ.

'ಇಬಿಡ್' ವಿಷಯದಲ್ಲಿ ಮಾತ್ರ ನನಗೆ ನಿಜವಾದ ಭಯವಿದೆ. 'ಅದೇ ಸ್ಥಳದಲ್ಲಿ' ಎಂಬ ಅರ್ಥದ ಈ ಪದ ತನ್ನ ಹಿಂದಿನ ಅಡಿಟಿಪ್ಪಣಿಯನ್ನಷ್ಟೇ ಸೂಚಿಸುತ್ತದೆ. ಹನ್ನೆರಡನೆಯ ಟಿಪ್ಪಣಿಯಲ್ಲಿ ಗ್ರಂಥದ ಹೆಸರು, ಹದಿಮೂರನೆಯದರಲ್ಲಿ ಇಬಿಡ್ ಇದೆಯೆನ್ನಿ. ಪರಿಷ್ಕರಣೆಯ ವೇಳೆ ನಡುವೆ ಹೊಸದೊಂದು ಟಿಪ್ಪಣಿ ಸೇರಿತೆಂದರೆ ಇಬಿಡ್ ಸದ್ದಿಲ್ಲದೆ ತಪ್ಪು ಗ್ರಂಥದತ್ತ ಕೈ ತೋರಿಸತೊಡಗುತ್ತದೆ. 2017ರಲ್ಲಿ ಬಂದ ಶಿಕಾಗೊ ಮ್ಯಾನ್ಯುಯಲ್ ಆಫ್ ಸ್ಟೈಲ್ ಎಂಬ ಬರವಣಿಗೆ ಕೈಪಿಡಿಯ 17ನೇ ಆವೃತ್ತಿ ಇಬಿಡ್‌ಗಿಂತ ಲೇಖಕರ ಹೆಸರಿರುವ ಚಿಕ್ಕ ಉಲ್ಲೇಖವೇ ಲೇಸೆಂದು ಹೇಳಿದ್ದು ನನಗೆ ಸಂಪೂರ್ಣ ಒಪ್ಪಿಗೆ. ಗ್ರಂಥದ ಹೆಸರಿಗಾಗಿ ಪುಟಗಟ್ಟಲೆ ಹಿಂದಕ್ಕೆ ಹೋಗಿ ಹುಡುಕುವಂತೆ ಮಾಡುವ 'ಆಪ್. ಸಿಟ್.' ('ಹಿಂದೆ ಉಲ್ಲೇಖಿಸಿದ ಗ್ರಂಥದಲ್ಲಿ') ಅನ್ನಂತೂ ಕಂಡಲ್ಲೆಲ್ಲ ತೆಗೆಯುತ್ತೇನೆ.

ಆ ಲೇಖನದ ಮೂರೂ ಸಿ.ಎಫ್.ಗಳ ಪಕ್ಕದಲ್ಲಿ, ಓದುಗರು ಇಲ್ಲಿ ಯಾವ ವ್ಯತ್ಯಾಸವನ್ನು ಗಮನಿಸಬೇಕು ಎಂಬ ಪ್ರಶ್ನೆಯನ್ನು ಬರೆದು ಕಳಿಸಿದೆ. ಲೇಖಕರು ಎರಡನ್ನು 'ಸೀ' ಎಂದು ಬದಲಿಸಿದರು. ಮೂರನೆಯದನ್ನು ಹಾಗೆಯೇ ಉಳಿಸಿ, ಅದೇ ದತ್ತಾಂಶದಿಂದ ವಿರುದ್ಧ ತೀರ್ಮಾನಕ್ಕೆ ಬಂದ ಪ್ರಬಂಧವಿದು ಎಂಬ ಒಂದು ಸಾಲಿನ ವಿವರಣೆಯನ್ನು ಸೇರಿಸಿದರು.